ಗೋಧಿಯಿಲ್ಲದ ಸೋಡಾ ಬ್ರೆಡ್ಡು: ಎಲ್ಲರೂ ಕೂಡಿ ಉಣ್ಣುವ ರೊಟ್ಟಿ

ಪಂಕ್ತಿಯಲ್ಲಿ ಕುಳಿತ ಒಂದು ಮಗುವಿನ ಎಡೆ ಮಾತ್ರ ಬರಿದಾಗಿದ್ದರೆ ಉಳಿದವರಿಗೆ ಉಣಿಸು ರುಚಿಸದು. ದಾಸೋಹ ಸಂಸ್ಕಾರದಲ್ಲಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಉದ್ಯೋಗ ನಿಮಿತ್ತ ಐರ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳೂ ಅರಿಯಬೇಕಾದ ಇಂಥ ಸಂಕಟವೊಂದು ಆ ದೇಶದ ಮನೆಗಳಲ್ಲಿದೆ. ಅಲ್ಲಿ ನಿತ್ಯದ ಆಹಾರ ಗೋಧಿಯ ಬ್ರೆಡ್ಡು. ಆದರೆ ಸುಮಾರು ನೂರಕ್ಕೆ ಒಬ್ಬರಿಗೆ ಸೀಲಿಯಾಕ್ ಎಂಬ ವ್ಯಾಧಿ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟುಗುಣದ ಸಸಾರಜನಕವು ಅವರ ಸಣ್ಣ ಕರುಳಿನ ಒಳಪೊರೆಯನ್ನು ಕೆಡಿಸುತ್ತದೆ, ಉಂಡದ್ದು ಮೈಗೂಡುವುದಿಲ್ಲ. ಗೋಧಿಯೇ ಇದಕ್ಕೆ ಕಾರಣವೆಂಬುದನ್ನು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ 1950ರ ತಮ್ಮ ಮಹಾಪ್ರಬಂಧದಲ್ಲಿ ತೋರಿಸಿಕೊಟ್ಟರು. ಇಂದಿಗೂ ಇದಕ್ಕೆ ಪಥ್ಯವೇ ಮದ್ದು.

ಐರ್ಲೆಂಡಿನ ಸೋಡಾ ಬ್ರೆಡ್ಡು 19ನೆಯ ಶತಮಾನದಲ್ಲಿ ಸಾಮಾನ್ಯರ ಮನೆಗಳಲ್ಲಿ ರೂಢಿಗೆ ಬಂದುದು. ಅಲ್ಲಿಯ ತೇವದ ಹವೆಯಲ್ಲಿ ಬೆಳೆಯುವ ಮೃದು ಗೋಧಿಯಲ್ಲಿ ಅಂಟು ಕಡಿಮೆ. ಯೀಸ್ಟಿನಿಂದ ಅದು ಚೆನ್ನಾಗಿ ಉಬ್ಬದು. ಆದುದರಿಂದ ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿಮಜ್ಜಿಗೆ ಈ ನಾಲ್ಕನ್ನೇ ಕಲಸಿ, ಮುಚ್ಚಳದ ಮೇಲೂ ಕೆಂಡವಿರಿಸಿದ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಮಜ್ಜಿಗೆಯ ಹುಳಿ ಸೋಡಾದೊಡನೆ ಕೂಡಿದಾಗ ಹುಟ್ಟುವ ಅನಿಲವೇ ಅದನ್ನು ಉಬ್ಬಿಸುತ್ತದೆ. ನಾದುವ ಶ್ರಮವಿಲ್ಲ, ಮೊಟ್ಟೆಯ ಸೋಂಕಿಲ್ಲ. ಅಂಟನ್ನು ಹೆಚ್ಚು ನೆಚ್ಚದ ಈ ಬ್ರೆಡ್ಡನ್ನು ಗೋಧಿಯಿಲ್ಲದೆ ಮಾಡುವುದು ಉಳಿದ ಬ್ರೆಡ್ಡುಗಳಿಗಿಂತ ಸುಲಭ.

ಅಕ್ಕಿಹಿಟ್ಟು 200 ಗ್ರಾಂ, ಜೋಳದ ಹಿಟ್ಟು 150 ಗ್ರಾಂ, ಆಲೂಗಡ್ಡೆಯ ಪಿಷ್ಟ 100 ಗ್ರಾಂ, ಉಪ್ಪು ಮತ್ತು ಸೋಡಾ ಮಟ್ಟಸವಾಗಿ ಒಂದೊಂದು ಚಹಾಚಮಚ ಸೇರಿಸಿ ಜರಡಿ ಹಿಡಿಯಬೇಕು. ಜೋಳದಲ್ಲಿ ಗ್ಲುಟೆನ್ ಇಲ್ಲವೆಂಬುದನ್ನು ರೊಟ್ಟಿ ಬಡಿಯುವ ನಮ್ಮ ತಾಯಂದಿರ ಕೈ ಎಂದೋ ಬಲ್ಲದು. ಕುದಿನೀರು ಬೆರೆಸದೆ ಆ ಹಿಟ್ಟಿಗೆ ಜಿಗಿ ಬಾರದು. ಇಲ್ಲಿ ಆ ಜಿಗಿಯನ್ನು ಇಸಬಗೋಲಿನ ಹೊಟ್ಟು ಕೊಡುತ್ತದೆ. ಅದನ್ನು 10 ಗ್ರಾಂ ತೆಗೆದುಕೊಂಡು 400 ಮಿ.ಲೀ. ಹುಳಿಮಜ್ಜಿಗೆಯಲ್ಲಿ ಐದು ನಿಮಿಷ ನೆನೆಸಿ, ಹಿಟ್ಟಿಗೆ ಬೆರೆಸಿ ಬೇಗನೆ ಕಲಸಬೇಕು. ತಡಮಾಡಿದರೆ ಅನಿಲ ಹಾರಿಹೋಗುತ್ತದೆ. ಗುಂಡಗೆ ತಟ್ಟಿ, ಮೇಲೆ ಅಡ್ಡಲಾಗಿಯೂ ಉದ್ದವಾಗಿಯೂ ಆಳವಾದ ಗೀರು ಹಾಕಬೇಕು. ಅಲ್ಲಿಯವರು ಅದನ್ನು ಶಿಲುಬೆಯೆಂದು ಭಾವಿಸುವರು. ನಡುಭಾಗಕ್ಕೆ ಕಾವು ತಲುಪಿಸುವ ಉಪಾಯವೂ ಅದೇ. ಮೊದಲೇ ಕಾಯಿಸಿದ ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 50 ನಿಮಿಷ ಬೇಯಲಿ. ತಳವನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಹದವಾಯಿತೆಂದು ತಿಳಿಯಬೇಕು. ಪೂರ್ತಿ ಆರಿದ ಮೇಲೆಯೇ ಕೊಯ್ಯಬೇಕು.

ಓದುಗರು ಗಮನಿಸಬೇಕಾದ ಮಾತುಗಳೆರಡು. ಗೋಧಿ ಬೀಸುವ ಗಿರಣಿಯಲ್ಲೇ ಬೀಸಿದ ಜೋಳ, ಗೋಧಿಹಿಟ್ಟು ತಾಗಿದ ಜರಡಿ ಇವು ವರ್ಜ್ಯ. "ಚೂರು ತಿಂದರೇನಾದೀತು" ಎಂಬ ಅಕ್ಕರೆಯ ಒತ್ತಾಯವೂ ರೋಗಿಗೆ ಕೇಡು. ಇನ್ನು, ರೋಗದ ಸಂಶಯವುಳ್ಳವರು ವೈದ್ಯರ ಪರೀಕ್ಷೆಗೆ ಮುನ್ನ ತಾವಾಗಿ ಗೋಧಿ ಬಿಡಬಾರದು. ಬಿಟ್ಟರೆ ರಕ್ತಪರೀಕ್ಷೆಯಲ್ಲಿ ರೋಗ ಮರೆಯಾದೀತು.

ಮಗುವಿಗಾಗಿ ಬೇರೊಂದು ಬ್ರೆಡ್ಡು ಮಾಡಿ ಬದಿಗಿಡುವುದು ಕರುಣೆ. ಅದೇ ಬ್ರೆಡ್ಡನ್ನು ಮನೆಮಂದಿಯೆಲ್ಲ ಮುರಿದು ಹಂಚಿಕೊಂಡು ಉಂಡರೆ ಅದು ದಾಸೋಹ.