ವ್ಯವಹಾರದ ಒತ್ತಡ ಮತ್ತು ಮನಸ್ಸಿನ ಸಮತೋಲನ: ಆಲ್ಬರ್ಟ್ ಎಲಿಸ್ ಅವರ ವಿಚಾರಧಾರೆ

ಬಾಕಿ ವಸೂಲಿಯಲ್ಲಿ ವಿಳಂಬ, ಬ್ಯಾಂಕಿನ ಕಂತು, ಕುಶಲ ಕಾರ್ಮಿಕರ ಅಭಾವ ಇವು ಸಣ್ಣ ಉದ್ದಿಮೆದಾರರ ನಿತ್ಯದ ಚಿಂತೆಗಳು. ಇಂತಹ ಒಂದೇ ಪರಿಸ್ಥಿತಿಯಲ್ಲಿ ಒಬ್ಬರು ನಿದ್ರೆಗೆಟ್ಟು ಕುಗ್ಗಿಹೋಗುತ್ತಾರೆ. ಮತ್ತೊಬ್ಬರು ಬೇಸರಗೊಂಡರೂ ಮರುದಿನದ ಕೆಲಸಕ್ಕೆ ಸಿದ್ಧರಾಗುತ್ತಾರೆ. ಈ ವ್ಯತ್ಯಾಸದ ಮೂಲವನ್ನು ಸರಳವಾಗಿ ವಿವರಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್ (1913–2007) ಪ್ರಮುಖರು.

ವ್ಯಾಪಾರದಿಂದ ಚಿಕಿತ್ಸೆಗೆ

ಎಲಿಸ್ ಅವರಿಗೆ ವಾಣಿಜ್ಯ ಕ್ಷೇತ್ರ ಅಪರಿಚಿತವಾಗಿರಲಿಲ್ಲ. ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1934ರಲ್ಲಿ, ನ್ಯೂಯಾರ್ಕಿನಲ್ಲಿ ವ್ಯವಹಾರಾಡಳಿತದ ಪದವಿ ಪಡೆದ ಅವರು, ಗ್ರಾಹಕರ ಹಳೆಯ ಕೋಟುಗಳಿಗೆ ಹೊಂದುವ ಪ್ಯಾಂಟುಗಳನ್ನು ಹರಾಜಿನಲ್ಲಿ ಹುಡುಕಿ ಒದಗಿಸುವ ವ್ಯಾಪಾರವನ್ನು ಸಹೋದರನೊಡನೆ ನಡೆಸಿದ್ದರು. 1947ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಮನೋವಿಶ್ಲೇಷಣೆಯನ್ನು ಕೈಗೊಂಡರು. ಆದರೆ ಆ ವಿಧಾನದ ನಿಧಾನಗತಿಯಿಂದ ಅತೃಪ್ತರಾಗಿ 1955ರಲ್ಲಿ ತಮ್ಮದೇ ಆದ ವಿಚಾರಾತ್ಮಕ ಚಿಕಿತ್ಸಾ ಪದ್ಧತಿಯನ್ನು ಮುಂದಿಟ್ಟರು.

ಘಟನೆ, ನಂಬಿಕೆ, ಪರಿಣಾಮ

ಘಟನೆಯೇ ನೇರವಾಗಿ ದುಃಖವನ್ನು ಉಂಟುಮಾಡುವುದಿಲ್ಲ. ಘಟನೆಯ ಬಗ್ಗೆ ಮನುಷ್ಯನು ತಳೆಯುವ ನಂಬಿಕೆಯು ಮಧ್ಯದಲ್ಲಿ ಕೆಲಸ ಮಾಡುತ್ತದೆ ಎಂಬುದು ಈ ಪದ್ಧತಿಯ ತಿರುಳು. ಇದರ ಬೀಜವನ್ನು ಎಲಿಸ್ ಅವರು ಪ್ರಾಚೀನ ತತ್ತ್ವಜ್ಞಾನಿ ಎಪಿಕ್ಟೀಟಸ್‌ನ ಚಿಂತನೆಯಲ್ಲಿ ಕಂಡರು.

ಅವರ ವಿಚಾರವನ್ನು ಕನ್ನಡದ ಎರಡು ಪದಗಳಿಂದಲೇ ತಿಳಿಯಬಹುದು: 'ಬೇಕು' ಮತ್ತು 'ಲೇಬೇಕು'. 'ಈ ತಿಂಗಳು ಹಣ ಬರಬೇಕು' ಎಂಬುದು ಸಹಜವಾದ ಅಪೇಕ್ಷೆ. ಹಣ ಬಾರದಿದ್ದರೆ ಕಾಳಜಿಯಾಗುತ್ತದೆ, ಮುಂದಿನ ದಾರಿಯನ್ನು ಯೋಚಿಸಲು ಅವಕಾಶವಿರುತ್ತದೆ. 'ಬರಲೇಬೇಕು, ಬಾರದಿದ್ದರೆ ನಾನು ಯಾವುದಕ್ಕೂ ಬಾರದವನು' ಎಂಬುದು ಹಠ. ಅದು ಆತಂಕ, ಕೋಪ, ಆತ್ಮನಿಂದೆಗಳಿಗೆ ದಾರಿಯಾಗುತ್ತದೆ. ನಾನು ಗೆಲ್ಲಲೇಬೇಕು, ಇತರರು ನನ್ನೊಡನೆ ನ್ಯಾಯವಾಗಿ ನಡೆದುಕೊಳ್ಳಲೇಬೇಕು, ಪರಿಸ್ಥಿತಿ ಅನುಕೂಲವಾಗಿರಲೇಬೇಕು ಎಂಬ ಮೂರು ಹಠಗಳನ್ನು ಅವರು ಗುರುತಿಸಿದರು. ಇವುಗಳಿಗೆ ಆಧಾರವೇನೆಂದು ಪ್ರಶ್ನಿಸಿಕೊಂಡು, ವ್ಯವಹಾರದ ನಷ್ಟವನ್ನು ವ್ಯಕ್ತಿಯ ಬೆಲೆಯಿಂದ ಬೇರ್ಪಡಿಸುವುದೇ ಚಿಕಿತ್ಸೆಯ ಮುಖ್ಯ ಅಭ್ಯಾಸ.

ಇದು ಅನ್ಯಾಯವನ್ನು ಸಹಿಸಿಕೊಳ್ಳುವ ಉಪದೇಶವಲ್ಲ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಸಲ್ಲಬೇಕಾದ ಹಣದ ಪಾವತಿಗೆ 45 ದಿನಗಳ ಗರಿಷ್ಠ ಮಿತಿಯಿದೆ; ವಿಳಂಬವಾದರೆ ಬಡ್ಡಿಗೂ ಅವಕಾಶವಿದೆ. ಆತಂಕದಲ್ಲಿ ಮುಳುಗಿದವರಿಗಿಂತ ಸಮಚಿತ್ತವುಳ್ಳವರು ಇಂತಹ ಪರಿಹಾರವನ್ನು ಬೇಗ ಕಾಣಬಲ್ಲರು.

ತಜ್ಞರ ನೆರವು ಯಾವಾಗ?

ಸ್ವವಿಮರ್ಶೆಗೂ ಒಂದು ಮಿತಿಯಿದೆ. ಎರಡು ವಾರಗಳಿಗೂ ಮೀರಿ ಖಿನ್ನತೆ, ನಿದ್ರಾಹೀನತೆ, ಕೆಲಸದಲ್ಲಿ ನಿರಾಸಕ್ತಿ ಮುಂದುವರಿದರೆ ತಜ್ಞರನ್ನು ಕಾಣುವುದು ಅಗತ್ಯ. ಜೀವ ಕಳೆದುಕೊಳ್ಳುವ ಯೋಚನೆ ಸುಳಿದರಂತೂ ಒಂದು ದಿನವನ್ನೂ ಕಾಯಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ದೊರೆಯುತ್ತದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಸೌಲಭ್ಯ ಕಲ್ಪಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ವಿಧಿಸಿದೆ. ಪಾಲಿಸಿಯ ನಿಬಂಧನೆಗಳನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದು ಒಳಿತು.

ಯಂತ್ರದ ಸದ್ದು ಬದಲಾದೊಡನೆ ಮೆಕ್ಯಾನಿಕ್‌ನನ್ನು ಕರೆಸುವ ಉದ್ದಿಮೆದಾರರು ಮನಸ್ಸಿನ ವಿಷಯದಲ್ಲಿಯೂ ಅದೇ ಎಚ್ಚರವನ್ನು ವಹಿಸಿದರೆ ಉದ್ದಿಮೆಗೂ ಕುಟುಂಬಕ್ಕೂ ಕ್ಷೇಮ.