ಮೇಳ, ತಂಡ ಮತ್ತು ಹಾಡಿನ ಯಜಮಾನಿಕೆ: ಮಂಡ್ಯ ಸೀಮೆಯ ನೀಲಗಾರರನ್ನು ಕುರಿತು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹಾಡುವವರ ಗುಂಪನ್ನು ಸೂಚಿಸಲು ಎರಡು ಮಾತುಗಳು ಬಳಕೆಯಲ್ಲಿವೆ. ಒಂದು ಮೇಳ, ಇನ್ನೊಂದು ತಂಡ. ಮೇಲುನೋಟಕ್ಕೆ ಇವು ಸಮಾನಾರ್ಥಕಗಳು. ಆದರೆ ಬಳಕೆಯ ಸಂದರ್ಭವನ್ನು ಗಮನಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಹರಕೆಯ ಮನೆಯಲ್ಲಿ, ತಿಥಿಯ ರಾತ್ರಿಯಲ್ಲಿ ಕಥೆ ಮಾಡುವುದು ಮೇಳ. ಆಹ್ವಾನಪತ್ರಿಕೆಯಲ್ಲಿ, ಮೆರವಣಿಗೆಯ ಪಟ್ಟಿಯಲ್ಲಿ, ಇಲಾಖೆಯ ಆದೇಶದಲ್ಲಿ ಕಾಣಿಸಿಕೊಳ್ಳುವುದು ತಂಡ, ಅಥವಾ 'ಇವರಿಂದ ಮತ್ತು ಸಂಗಡಿಗರಿಂದ'. ಅನೇಕ ವೇಳೆ ಎರಡರಲ್ಲಿಯೂ ಇರುವ ಮನುಷ್ಯರು ಅವರೇ, ಹಿಡಿದ ತಂಬೂರಿಯೂ ಅದೇ. ಹಾಗಿದ್ದರೆ ಬದಲಾದದ್ದು ಯಾವುದು? ಹಾಡನ್ನು ಎಲ್ಲಿ ಆರಂಭಿಸಬೇಕು, ಎಷ್ಟು ಹೊತ್ತು ಹಾಡಬೇಕು, ಯಾರ ಹೆಸರಿನಲ್ಲಿ ಹಾಡಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ. ಈ ಅಧಿಕಾರವನ್ನು ಪ್ರಸ್ತುತ ಲೇಖನದಲ್ಲಿ ಯಜಮಾನಿಕೆ ಎಂದು ಕರೆದು, ನೀಲಗಾರರನ್ನು ಮುಖ್ಯವಾಗಿ ಇಟ್ಟುಕೊಂಡು ಅದರ ಪಲ್ಲಟಗಳನ್ನು ಪರಿಶೀಲಿಸಲಾಗಿದೆ.

ನಮ್ಮ ಜಾನಪದ ಅಧ್ಯಯನಗಳಲ್ಲಿ ಮೇಳವು ಸಹಜವಾದುದು, ತಂಡವು ಕೃತಕವಾದುದು ಎಂಬ ಗ್ರಹಿಕೆಯೊಂದು ಬೇರೂರಿದೆ. ಮೊದಲನೆಯದು ನೆಲದಿಂದ ತಾನಾಗಿ ಮೂಡಿದ್ದು, ಎರಡನೆಯದು ಯಾರೋ ಕೂಡಿಸಿದ್ದು ಎಂಬುದು ಈ ಗ್ರಹಿಕೆಯ ತಿರುಳು. ಇದನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ನೀಲಗಾರ ಮೇಳವೂ ಕಟ್ಟಿದ್ದೇ. ಮಂಟೇಸ್ವಾಮಿಯ ಒಕ್ಕಲಾದ ಮನೆತನಗಳು ಹರಕೆಯಂತೆ ಮಗನನ್ನು ಗುಡ್ಡನನ್ನಾಗಿ ಬಿಡುತ್ತವೆ. ಮಠದಲ್ಲಿ ದೀಕ್ಷೆಯಾದ ಮೇಲೆಯೇ ಅವನು ನೀಲಗಾರ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು, ಕಾವೇರಿ ದಡದ ಕಪ್ಪಡಿ ಈ ಪರಂಪರೆಯ ಮುಖ್ಯ ಕ್ಷೇತ್ರಗಳು. ಮಠಗಳ ಆಡಳಿತ ಅರಸು ಮನೆತನದವರದು. ಹಾಡುವವರಲ್ಲಿ ಬಹುಸಂಖ್ಯಾತರು ದಲಿತರು. ಎಂದರೆ ಹಾಡುಗಾರನನ್ನು ಆಯ್ದು, ವೇಷ ಕೊಟ್ಟು, ವಾದ್ಯ ಕೊಟ್ಟು, ಹಾಡಬೇಕಾದ ಕಾವ್ಯವನ್ನೂ ಗೊತ್ತುಮಾಡಿದ ಒಂದು ವ್ಯವಸ್ಥೆ ಮೇಳದ ಹಿಂದೆಯೂ ಇದೆ. ಕಟ್ಟಲ್ಪಟ್ಟಿದೆ ಎಂಬ ಒಂದೇ ಕಾರಣಕ್ಕೆ ತಂಡವನ್ನು ಕೀಳಾಗಿ ಕಾಣುವುದಾದರೆ ಮೇಳವನ್ನೂ ಹಾಗೆಯೇ ಕಾಣಬೇಕಾಗುತ್ತದೆ.

ಅಷ್ಟೇ ಅಲ್ಲ, ನೀಲಗಾರರು ಹಾಡುವ ಕಾವ್ಯದ ಒಂದು ಪ್ರಧಾನ ಆಶಯವೇ ಒಬ್ಬನನ್ನು ಇನ್ನೊಬ್ಬರು ರೂಪಿಸುವುದು. ಮದ್ದೂರು ತಾಲ್ಲೂಕಿನ ನಿಡಘಟ್ಟದ ಬಸವಾಚಾರಿ ಮುದ್ದಮ್ಮರ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುತ್ತಾನೆ. ಹೆತ್ತವರು ಕೊಡಲೊಪ್ಪುವುದಿಲ್ಲ. ಗುರು ಬಿಡುವುದಿಲ್ಲ. ಕಠಿಣ ಪರೀಕ್ಷೆಗಳನ್ನು ದಾಟಿದ ಕೆಂಪಾಚಾರಿ ಹಳೆಯ ಹೆಸರನ್ನು ಕಳೆದುಕೊಂಡು ಸಿದ್ದಪ್ಪಾಜಿಯಾಗುತ್ತಾನೆ. ಆ ಮೇಲೆ ಗುರು ಅವನನ್ನು ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಕಳುಹಿಸುತ್ತಾನೆ. ಮಳವಳ್ಳಿ ತಾಲ್ಲೂಕಿನ ಈ ಊರು ಕಾವ್ಯದಲ್ಲಿ ಕಬ್ಬಿಣದ ಕೆಲಸದ ಪಾಂಚಾಳರ ನೆಲೆ. ಆಚಾರಿಯ ಮಗ ಆಚಾರಿಗಳ ಬೀದಿಯಲ್ಲಿಯೇ ಜೋಳಿಗೆ ಹಿಡಿದು ನಿಂತು ಅವಮಾನಕ್ಕೆ ಒಳಗಾಗುತ್ತಾನೆ. ಮಹಿಮೆ ಇದ್ದರೆ ತೋರಿಸೆಂದು ಅವರು ಸವಾಲು ಹಾಕುತ್ತಾರೆ. ಆ ಸವಾಲನ್ನು ಎದುರಿಸುವಾಗ ಅವನಿಗೆ ಸಿಗುವ ಮನ್ನಣೆ ಗುರು ಕೊಟ್ಟ ವೇಷದಿಂದ ಬಂದದ್ದೋ, ಅವನೇ ಗಳಿಸಿಕೊಂಡದ್ದೋ ಎಂಬ ಪ್ರಶ್ನೆಯನ್ನು ಕಾವ್ಯ ಬಿಡಿಸಿ ಹೇಳುವುದಿಲ್ಲ. ಇದನ್ನು ಹಾಡುವವರು ಸ್ವತಃ ಅದೇ ಬಗೆಯ ದೀಕ್ಷೆಗೆ ಒಳಗಾದವರು ಎಂಬುದನ್ನು ಮರೆಯಬಾರದು.

ಹೀಗೆ ಕಟ್ಟಲ್ಪಟ್ಟರೂ ಹಾಡುವ ರಾತ್ರಿಯ ಮಟ್ಟಿಗೆ ನೀಲಗಾರನೇ ಯಜಮಾನ. ಮುಂದಾಳು ತಂಬೂರಿ ಮೀಟುತ್ತ, ಗಗ್ಗರ ಆಡಿಸುತ್ತ ಕಥೆಯನ್ನು ಎತ್ತುತ್ತಾನೆ. ಹಿಮ್ಮೇಳದವರು ಡಕ್ಕೆ, ತಾಳಗಳೊಡನೆ ಸೊಲ್ಲು ಕೊಡುತ್ತಾರೆ. ಕಾವ್ಯವು ಸಾಲುಗಳಾಗಿ ವಿಂಗಡವಾಗಿದೆ. ಯಾವ ಸಾಲನ್ನು ಎತ್ತಿಕೊಳ್ಳಬೇಕು, ಎಲ್ಲಿ ಪದ ನಿಲ್ಲಿಸಿ ಮಾತಿಗೆ ಇಳಿಯಬೇಕು, ಕೂತವರು ತೂಕಡಿಸಿದಾಗ ಯಾವ ನಗೆಮಾತು ತರಬೇಕು, ಮನೆಯವರ ದುಃಖವನ್ನು ನೋಡಿ ಯಾವ ಪ್ರಸಂಗವನ್ನು ಹಿಗ್ಗಿಸಬೇಕು ಎಂಬುದೆಲ್ಲ ಅವನ ವಿವೇಚನೆಗೆ ಬಿಟ್ಟದ್ದು. ಕಥೆ ಮಾಡಿಸಿದವರು ಅಕ್ಕಿ, ಕಾಣಿಕೆ ಕೊಡಬಹುದು. ಎರಡು ಪದ ಸಾಕು ಎನ್ನುವಂತಿಲ್ಲ. ಮಠ ಕಾವ್ಯವನ್ನು ಗೊತ್ತುಮಾಡಿತು. ರಾತ್ರಿಯನ್ನು ಮಾತ್ರ ಹಾಡುಗಾರನಿಗೇ ಬಿಟ್ಟಿತು. ಮೇಳದ ಗೌರವದ ಗುಟ್ಟು ಇಲ್ಲಿದೆ ಎಂದು ನನಗೆ ತೋರುತ್ತದೆ.

ಈ ಮಾತನ್ನು ಸ್ಪಷ್ಟಪಡಿಸಲು ಬಹುದೂರದ, ಸಂಪೂರ್ಣವಾಗಿ ಬೇರೆಯೇ ಲೋಕದ ನಿದರ್ಶನವೊಂದನ್ನು ನೋಡಬಹುದು. ೧೯೬೫ರಲ್ಲಿ ಅಮೆರಿಕದ ದೂರದರ್ಶನ ನಿರ್ಮಾಪಕರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ನಾಲ್ವರು ತರುಣರನ್ನು ಆಯ್ದು 'ದಿ ಮಂಕೀಸ್' ಎಂಬ ವಾದ್ಯವೃಂದವನ್ನು ಕಟ್ಟಿದರು. ೧೯೬೬ರ ಸೆಪ್ಟೆಂಬರಿನಿಂದ ಧಾರಾವಾಹಿ ಪ್ರಸಾರವಾಯಿತು. ಮುದ್ರಿಕೆಗಳು ಲಕ್ಷಗಟ್ಟಲೆ ಮಾರಾಟವಾದವು. ಆದರೆ ಮೊದಲ ಎರಡು ಸಂಪುಟಗಳಲ್ಲಿ ವಾದ್ಯ ನುಡಿಸಿದವರು ಹೆಚ್ಚಾಗಿ ಬಾಡಿಗೆಯ ವಾದಕರು. ಎರಡನೆಯ ಸಂಪುಟವಂತೂ ವೃಂದದವರಿಗೆ ತಿಳಿಸದೆಯೇ ಮಾರುಕಟ್ಟೆಗೆ ಬಂದಿತ್ತು. ಮೈಕೆಲ್ ನೆಸ್ಮಿತ್ ಮತ್ತು ಸಂಗಡಿಗರು ಪ್ರತಿಭಟಿಸಿದರು. ೧೯೬೭ರ ಫೆಬ್ರವರಿಯಲ್ಲಿ ಸಂಗೀತ ಮೇಲ್ವಿಚಾರಕ ಡಾನ್ ಕಿರ್ಶ್ನರ್ ಹೊರಹೋಗಬೇಕಾಯಿತು. ಮೇ ತಿಂಗಳಲ್ಲಿ ಬಂದ 'ಹೆಡ್‌ಕ್ವಾರ್ಟರ್ಸ್' ಸಂಪುಟದಲ್ಲಿ ಬಹುಮಟ್ಟಿಗೆ ಅವರೇ ನುಡಿಸಿದರು. ಕುತೂಹಲದ ಸಂಗತಿಯೆಂದರೆ, ಮುಂದಿನ ಸಂಪುಟಗಳಲ್ಲಿ ಅವರು ಮತ್ತೆ ಹೊರಗಿನ ವಾದಕರನ್ನು ಕರೆಸಿಕೊಂಡರು. ಎಂದರೆ ಅವರ ಹೋರಾಟದ ತಿರುಳು ಯಾರು ನುಡಿಸಬೇಕು ಎಂಬುದಾಗಿರಲಿಲ್ಲ. ಯಾರು ನುಡಿಸಬೇಕೆಂದು ಗೊತ್ತುಮಾಡುವವರು ಯಾರು ಎಂಬುದಾಗಿತ್ತು.

ಈ ಪ್ರಶ್ನೆಯನ್ನು ಹಿಡಿದು ನಮ್ಮ ತಂಡಗಳತ್ತ ಮರಳೋಣ. ಸ್ವಾತಂತ್ರ್ಯಾನಂತರದ ಪ್ರಭುತ್ವಕ್ಕೆ ಜನಪದ ಹಾಡುಗಾರನು ಪ್ರಚಾರದ ಅಗ್ಗದ ಹಾಗೂ ಪರಿಣಾಮಕಾರಿಯಾದ ಮಾಧ್ಯಮವಾಗಿ ಕಂಡ. ಕೇಂದ್ರ ಸರ್ಕಾರದ ಗೀತ ಮತ್ತು ನಾಟಕ ವಿಭಾಗವು ೧೯೫೪ರಲ್ಲಿ ಸ್ಥಾಪನೆಯಾಗಿ ೨೦೧೭ರಲ್ಲಿ ಬೇರೆ ಘಟಕಗಳೊಂದಿಗೆ ವಿಲೀನವಾಗುವವರೆಗೆ ದೇಶದುದ್ದಕ್ಕೂ ತಂಡಗಳನ್ನು ನೋಂದಾಯಿಸಿಕೊಂಡು ಕುಟುಂಬ ಯೋಜನೆ, ಆರೋಗ್ಯ ಮುಂತಾದ ವಿಷಯಗಳ ಮೇಲೆ ಹಾಡಿಸಿತು. ೧೯೯೦ರ ಭಾರತ ಜ್ಞಾನ ವಿಜ್ಞಾನ ಜಾಥಾ ಮತ್ತು ಅದರ ಬೆನ್ನಿಗೆ ಬಂದ ಸಾಕ್ಷರತಾ ಆಂದೋಲನಗಳಲ್ಲಿ ಕಲಾಜಾಥಾ ತಂಡಗಳು ಊರೂರು ಸುತ್ತಿದವು. ಇಂಥ ತಂಡಗಳ ರಚನೆಯ ಕ್ರಮ ಸರಳ. ಧಾಟಿ ಜನಪದದ್ದು, ಸಾಹಿತ್ಯ ಮೇಲಿನಿಂದ ಬಂದದ್ದು, ಅವಧಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮೂದಾದದ್ದು. ಇದರಿಂದ ಯಾವ ಪ್ರಯೋಜನವೂ ಆಗಲಿಲ್ಲವೆಂದು ಹೇಳಲಾಗದು. ಊರಾಚೆಯ ವೇದಿಕೆ, ಪ್ರಯಾಣ, ಸಂಭಾವನೆ, ಬೇರೆ ಸೀಮೆಯ ಕಲಾವಿದರ ಒಡನಾಟ ಇವೆಲ್ಲ ಅನೇಕರಿಗೆ ದೊರೆತದ್ದು ಹೀಗೆಯೇ. ಜಾತಿಯ ಕಾರಣಕ್ಕೆ ಊರ ಜಗುಲಿಯ ಕೆಳಗೆ ಕುಳಿತು ಹಾಡಿದವನಿಗೆ ಎತ್ತರದ ವೇದಿಕೆ ಹತ್ತುವುದು ಸಣ್ಣ ಸಂಗತಿಯಲ್ಲ. 'ಶುದ್ಧ ಜಾನಪದ'ಕ್ಕಾಗಿ ಕೊರಗುವ ನಮ್ಮಂಥವರು ಇದನ್ನು ಹಗುರವಾಗಿ ಕಾಣುತ್ತೇವೆ.

ಆದರೂ ವೇದಿಕೆ ಹತ್ತಿದವನು ರಾತ್ರಿಯನ್ನು ಕಳೆದುಕೊಂಡ. ಉತ್ಸವಗಳಲ್ಲಿ, ಮೆರವಣಿಗೆಗಳಲ್ಲಿ ಪೂಜಾ ಕುಣಿತ, ಕಂಸಾಳೆ, ತಮಟೆಗಳಂಥ ಕುಣಿತದ ಪ್ರಕಾರಗಳು ಹೇಗೋ ಹೊಂದಿಕೊಂಡವು. ನೋಡಲು ಸೊಗಸಾದ ಚಲನೆ ಕೆಲವು ನಿಮಿಷಗಳಲ್ಲಿಯೂ ತನ್ನ ಪರಿಣಾಮವನ್ನು ಮಾಡುತ್ತದೆ. ಕಥನಕ್ಕೆ ಇದು ಸಾಧ್ಯವಿಲ್ಲ. ಹತ್ತು ನಿಮಿಷದಲ್ಲಿ ನೀಲಗಾರನು ಸ್ತುತಿಯನ್ನು ಮುಗಿಸಿ ಕಥೆಯ ಬಾಗಿಲಿಗೆ ಬಂದಿರುತ್ತಾನೆ, ಅಷ್ಟರಲ್ಲಿ ನಿರೂಪಕರು ಧನ್ಯವಾದ ಹೇಳುತ್ತಾರೆ. ಕಂಸಾಳೆಯೂ ಮೂಲತಃ ಮಾದೇಶ್ವರನ ಗುಡ್ಡರು ಕಥೆ ಹಾಡುವಾಗ ಹಿಡಿಯುವ ತಾಳವೇ ಆಗಿದ್ದು, ಇಂದು ನಗರದ ಪ್ರೇಕ್ಷಕರಿಗೆ ಕುಣಿತವಾಗಿಯೇ ಹೆಚ್ಚು ಪರಿಚಿತ ಎಂಬುದು ಈ ದೃಷ್ಟಿಯಿಂದ ಅರ್ಥಪೂರ್ಣ.

ಧ್ವನಿಸುರುಳಿಯ ಕಾಲ ಈ ಕಥೆಗೆ ಬೇರೊಂದು ತಿರುವು ಕೊಟ್ಟಿತು. ಕ್ಯಾಸೆಟ್ಟು ಅಗ್ಗವಾದ ಮೇಲೆ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದೇಶ್ವರರ ಕಥೆಗಳು ಜಾತ್ರೆಯ ಅಂಗಡಿಗಳಲ್ಲಿ ಸರಮಾಲೆಯಾಗಿ ಮಾರಾಟವಾಗತೊಡಗಿದವು. ಮಳವಳ್ಳಿ ಮಹದೇವಸ್ವಾಮಿ ಅವರ ಹೆಸರು ಹಳೇ ಮೈಸೂರಿನ ಮನೆಮನೆಗೆ ಪರಿಚಿತವಾದದ್ದು ಈ ಮಾರ್ಗದಲ್ಲಿ. ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಹಾಡುಗಾರನ ಹೆಸರು, ಊರು, ಭಾವಚಿತ್ರ ಅಚ್ಚಾದವು. 'ಸಂಗಡಿಗರ' ಗುಂಪಿನಿಂದ ಒಬ್ಬ ವ್ಯಕ್ತಿ ಹೊರಬಂದ. ಮಳವಳ್ಳಿ ಎಂಬ ಊರು ಒಂದು ಕಂಠದ ವಿಶೇಷಣವಾಯಿತು. ಇದು ಗೌರವದ ಲಾಭ. ಇನ್ನೊಂದೆಡೆ, ಒಂದು ಗಂಟೆಯ ಕ್ಯಾಸೆಟ್ಟಿನ ಒಂದು ಬದಿ ಅರ್ಧ ಗಂಟೆ. ಕಥೆ ಆ ಅಳತೆಗೆ ಕತ್ತರಿಸಿಕೊಳ್ಳಬೇಕು. ತಂಬೂರಿಯ ಜೊತೆಗೆ ಹಾರ್ಮೋನಿಯಂ, ತಬಲ, ಮುಂದೆ ಕೀಬೋರ್ಡುಗಳು ಸೇರಿದವು. ಇದಕ್ಕಿಂತ ಸೂಕ್ಷ್ಮವಾದ ಬದಲಾವಣೆ ಕೇಳುಗನಲ್ಲಿ ಆಯಿತು. ಒಂದು ರಾತ್ರಿಯಂತೆ ಇನ್ನೊಂದು ರಾತ್ರಿ ಇರದ ಕಾವ್ಯಕ್ಕೆ ಮೊದಲ ಬಾರಿಗೆ 'ಸರಿಯಾದ ಪಾಠ'ವೊಂದು ಸಿಕ್ಕಿತು. ಸುರುಳಿಯಲ್ಲಿ ಕೇಳಿದ ಹಾಗೆಯೇ ಹಾಡಬೇಕೆಂಬ ನಿರೀಕ್ಷೆ ಹುಟ್ಟಿತು. ಇಷ್ಟಾದರೂ ಸಂಚಿಕೆಗಳಾಗಿ ಬಂದ ದೀರ್ಘ ಕಥನದ ಸುರುಳಿಗಳು ವೇದಿಕೆಗಿಂತ ಹಾಡುಗಾರನಿಗೆ ಹೆಚ್ಚು ಕಾಲವನ್ನು ಕೊಟ್ಟವು ಎಂಬುದು ನನ್ನ ಅಭಿಪ್ರಾಯ. ಮಾರುಕಟ್ಟೆಯನ್ನು ಒಟ್ಟಾರೆ ದೂಷಿಸುವವರು ಇದನ್ನು ಗಮನಿಸಿದಂತಿಲ್ಲ.

ಸಿನಿಮಾದ ಸಂಗತಿ ಇನ್ನೂ ತೊಡಕಿನದು. ಟಿ.ಎಸ್. ನಾಗಾಭರಣ ಅವರ 'ಜನುಮದ ಜೋಡಿ' (೧೯೯೬) ಚಿತ್ರದಲ್ಲಿ ಮಾದೇಶ್ವರ ಪರಂಪರೆಯ 'ಕೋಲುಮಂಡೆ ಜಂಗಮದೇವ' ಹಾಡನ್ನು ಬಳಸಲಾಯಿತು. ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯದ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಬಂದಿತು. ಅವರ ಗಾಯನ ಅದಕ್ಕೆ ಅರ್ಹವೇ ಆಗಿತ್ತು. ಆದರೆ ಪ್ರಶಸ್ತಿಯ ಪಟ್ಟಿಯಲ್ಲಿ ಹಿನ್ನೆಲೆ ಗಾಯಕನಿಗೆ ಸ್ಥಾನವಿದೆ, ಗೀತರಚನಕಾರನಿಗೆ ಸ್ಥಾನವಿದೆ, ತಲೆಮಾರುಗಳ ಕಾಲ ಆ ಹಾಡನ್ನು ಕಾಪಾಡಿಕೊಂಡು ಬಂದ ದೇವರಗುಡ್ಡರಿಗೆ ಯಾವ ಸ್ಥಾನವೂ ಇಲ್ಲ. ಸಂಪ್ರದಾಯಕ್ಕೆ ಸೇರಿದ್ದು ಎಂಬ ಮಾತು ಹಲವು ವೇಳೆ ಯಾರಿಗೂ ಸೇರದ್ದು ಎಂಬ ಅರ್ಥದಲ್ಲಿ ಬಳಕೆಯಾಗುತ್ತದೆ.

ವಿದ್ವತ್ತಿನ ಲೋಕವೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಜನಪದ ಅಧ್ಯಯನಕ್ಕೆ ಮಂಡ್ಯ ಜಿಲ್ಲೆ ಕೊಟ್ಟ ಕೊಡುಗೆ ದೊಡ್ಡದು. ಜೀ.ಶಂ. ಪರಮಶಿವಯ್ಯ, ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ ೧೯೯೪ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದ ಎಚ್.ಎಲ್. ನಾಗೇಗೌಡ ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಇವರ ಪೀಳಿಗೆಯ ಶ್ರಮವಿಲ್ಲದಿದ್ದರೆ ನಮಗೆ ಪಠ್ಯಗಳೇ ಇರುತ್ತಿರಲಿಲ್ಲ. ಆದರೆ ಅಂದಿನ ರೂಢಿಯಂತೆ ಮುಖಪುಟದಲ್ಲಿ ಸಂಪಾದಕನ ಹೆಸರು, ಹಾಡಿದವನ ಹೆಸರು ಒಳಪುಟದ ಕೃತಜ್ಞತೆಯಲ್ಲಿ. ಇದು ಬದಲಾಗಲು ಕಾಲ ಹಿಡಿಯಿತು. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ೨೦೦೧ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿದಾಗ ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದಂತೆ ಎಂಬ ಮಾತು ಶೀರ್ಷಿಕೆಯಲ್ಲಿಯೇ ಸೇರಿತು. ಅಲ್ಲಿ ಕಾವ್ಯಕ್ಕೆ ಒಬ್ಬ ಕವಿಯ ಬದಲಿಗೆ ಒಂದು ರಾತ್ರಿಯ ಹಾಡುಗಾರರು ಸಿಕ್ಕರು. ಮೌಖಿಕ ಕಾವ್ಯಕ್ಕೆ ಇದಕ್ಕಿಂತ ನಿಖರವಾದ ಕರ್ತೃತ್ವದ ನಿರೂಪಣೆ ಸಾಧ್ಯವಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಬೇಕು. ಭಾರತದ ಕೃತಿಸ್ವಾಮ್ಯ ಕಾಯಿದೆಗೆ ೧೯೯೪ರಲ್ಲಿ ಆದ ತಿದ್ದುಪಡಿ 'ಪ್ರದರ್ಶಕ'ನನ್ನು ವ್ಯಾಖ್ಯಾನಿಸಿ ಅವನಿಗೆ ಹಕ್ಕನ್ನು ಕೊಟ್ಟಿತು. ಆ ವ್ಯಾಖ್ಯೆಯಲ್ಲಿ ನಟ, ಗಾಯಕ, ನರ್ತಕರ ಜೊತೆಗೆ ದೊಂಬರಾಟದವನು, ಹಾವಾಡಿಗನೂ ಇದ್ದಾರೆ. ಆದ್ದರಿಂದ ನೀಲಗಾರನು ಹಾಡುವ ಕಾವ್ಯ ಯಾರ ಸ್ವಾಮ್ಯವೂ ಅಲ್ಲದಿದ್ದರೂ ಅವನ ಹಾಡಿಕೆ ಅವನದು. ೨೦೧೨ರ ತಿದ್ದುಪಡಿಯಿಂದ ಸೇರಿದ ೩೮ಬಿ ಕಲಮು ಇನ್ನೂ ಮುಂದೆ ಹೋಗಿ, ಪ್ರದರ್ಶಕನಾಗಿ ಗುರುತಿಸಲ್ಪಡುವ ಹಕ್ಕನ್ನೂ, ತನ್ನ ಕೀರ್ತಿಗೆ ಧಕ್ಕೆಯಾಗುವಂತೆ ಪ್ರದರ್ಶನವನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನೂ ಮಾನ್ಯ ಮಾಡಿತು. ಹೆಸರಿನ ಪ್ರಶ್ನೆಗೆ ಇದು ಉತ್ತರ. ಆದರೆ ಅದೇ ಕಲಮಿಗೆ ಒಂದು ವಿವರಣೆ ಇದೆ. ಸಂಕಲನಕ್ಕಾಗಿ ಅಥವಾ ನಿಗದಿತ ಅವಧಿಯೊಳಗೆ ಧ್ವನಿಮುದ್ರಣವನ್ನು ಹೊಂದಿಸುವುದಕ್ಕಾಗಿ ಪ್ರದರ್ಶನದ ಭಾಗವನ್ನು ತೆಗೆದುಹಾಕಿದರೆ ಅದು ಕೀರ್ತಿಗೆ ಧಕ್ಕೆಯಲ್ಲ. ಚಲನಚಿತ್ರ ನಟನ ಮಟ್ಟಿಗೆ ಇದು ನ್ಯಾಯವೇ ಇರಬಹುದು. ಇಡೀ ರಾತ್ರಿಯೇ ತನ್ನ ಕೃತಿಯಾಗಿರುವ ಹಾಡುಗಾರನ ಮಟ್ಟಿಗೆ, ಅವನಿಂದ ಯಾವುದನ್ನು ಕಿತ್ತುಕೊಳ್ಳಬಹುದೋ ಅದನ್ನೇ ಕಾನೂನು ಹೊರಗಿಟ್ಟಿದೆ.

ಹೀಗಾಗಿ ನೀಲಗಾರರು ತಮ್ಮದೇ ಆದ ಒಂದು ವಿಂಗಡಣೆ ಮಾಡಿಕೊಂಡಂತೆ ಕಾಣುತ್ತದೆ. ವೇದಿಕೆಗೆ ಬಿಡಿ ಪದಗಳು. ಅಲ್ಲಿ ಸಾಲುಗಳನ್ನು ಎತ್ತುವುದಿಲ್ಲ. ಸಾಲುಗಳು ತಿಥಿಯ ಮನೆಗೆ, ಹರಕೆಯ ಮನೆಗೆ, ಬನದ ಹುಣ್ಣಿಮೆಯ ಚಿಕ್ಕಲ್ಲೂರಿನ ಜಾತ್ರೆಗೆ. ಅಲ್ಲಿ ದೀಪಕ್ಕೆ ಎಣ್ಣೆ ಹೊಯ್ದು ತಂಬೂರಿಯ ಶ್ರುತಿ ಕೂಡಿಸಿದ ಮೇಲೆ ನಿಡಘಟ್ಟದಿಂದ ಹಲಗೂರಿಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ಹಾಡುವವನೇ ಗೊತ್ತುಮಾಡುತ್ತಾನೆ.