ನರರೋಗದ ಹಿಂದೆ ಅಡಗಿದ ರಕ್ತನಾಳದ ಅಪಾಯ

ಪೊಯೆಮ್ಸ್ ಎಂದರೆ ಇಂಗ್ಲಿಷಿನಲ್ಲಿ ಕವಿತೆಗಳು. ವೈದ್ಯರಿಗೆ ಅದೊಂದು ಅಪರೂಪದ ರೋಗದ ಹೆಸರು. ನರಗಳ ದೌರ್ಬಲ್ಯ, ಯಕೃತ್ತು ಗುಲ್ಮಗಳ ಹಿಗ್ಗುವಿಕೆ, ಹಾರ್ಮೋನುಗಳ ಏರುಪೇರು, ರಕ್ತದಲ್ಲಿ ಅಸಹಜ ಪ್ರೋಟೀನು, ಚರ್ಮದ ಬದಲಾವಣೆ ಎಂಬ ಐದು ಲಕ್ಷಣಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿ 1980ರಲ್ಲಿ ಬಾರ್ಡ್‌ವಿಕ್ ಮತ್ತು ಸಂಗಡಿಗರು ಈ ಹೆಸರಿಟ್ಟರು. ರಕ್ತನಾಳಕ್ಕೆ ಇದರಲ್ಲಿ ಅಕ್ಷರವೇ ಇಲ್ಲ. ಆದರೂ ಪಾರ್ಶ್ವವಾಯುವಿನಂಥ ಆಪತ್ತು ಬರುವುದು ಅಲ್ಲಿಂದಲೇ.

ಮೂಳೆಯ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕೆಲಸ, ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸುವುದು. ಈ ರೋಗದಲ್ಲಿ ಅಂಥ ಒಂದು ಕೋಶದ ಸಂತತಿ ಹತೋಟಿ ತಪ್ಪುತ್ತದೆ. ಹಾಗೆಂದು ಅದು ಮಜ್ಜೆಯನ್ನೆಲ್ಲ ತುಂಬಿಕೊಳ್ಳುವುದಿಲ್ಲ. ಅನೇಕರಲ್ಲಿ ಪ್ಲಾಸ್ಮಾ ಕೋಶಗಳು ನೂರಕ್ಕೆ ಐದಕ್ಕಿಂತಲೂ ಕಡಿಮೆ. ಇಷ್ಟು ಕೆಲವೇ ಕೋಶಗಳಿಂದ ಇಡೀ ದೇಹಕ್ಕೆ ತೊಂದರೆ ಹೇಗೆ?

ಉತ್ತರದ ಒಂದು ಭಾಗ 1996ರಲ್ಲಿ ಜಪಾನಿನಿಂದ ಬಂತು. ಈ ರೋಗಿಗಳ ರಕ್ತದಲ್ಲಿ ವಿಇಜಿಎಫ್ ಎಂಬ ಪ್ರೋಟೀನು ವಿಪರೀತ ಹೆಚ್ಚಿರುವುದು ಅಲ್ಲಿಯ ಸಂಶೋಧಕರಿಗೆ ಕಂಡಿತು. ಗಾಯ ಮಾಯುವಾಗ ಹೊಸ ರಕ್ತನಾಳ ಬೆಳೆಸುವುದು ಇದರ ಕೆಲಸ. ನಾಳದ ಗೋಡೆಯನ್ನು ಸೋರುವಂತೆ ಮಾಡುವ ಗುಣವೂ ಇದಕ್ಕಿದೆ.

ಬೆಳಗೊಳದಿಂದ ಮೈಸೂರಿಗೆ ಕಾವೇರಿ ನೀರು ತರುವ ಕೊಳವೆಯನ್ನು ನೆನೆಯಿರಿ. ಅದು ಒಂದೆಡೆ ಸೋರಿ, ಇನ್ನೊಂದೆಡೆ ಕಟ್ಟಿಕೊಂಡರೆ? ಇಲ್ಲಿ ಆಗುವುದೂ ಹಾಗೆಯೇ. ಸೋರಿಕೆಯಿಂದ ಕಾಲು ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಜೊತೆಗೆ ಅನೇಕರಲ್ಲಿ ಪ್ಲೇಟ್‌ಲೆಟ್‌ಗಳು ಹೆಚ್ಚಿ ರಕ್ತ ಹೆಪ್ಪುಗಟ್ಟುವ ಸಂಭವವೂ ಏರುತ್ತದೆ. ಕಾಲಿನ ಅಭಿಧಮನಿ ಕಟ್ಟಿಕೊಳ್ಳಬಹುದು. ಅಪಧಮನಿ ಮುಚ್ಚಿದರೆ ಕಾಲ್ಬೆರಳು ಕಪ್ಪಾಗಿ ಕೊಳೆಯಬಹುದು, ಪಾರ್ಶ್ವವಾಯು ಬಡಿಯಬಹುದು.

ಹೆಪ್ಪನ್ನು ತಡೆಯುವ ಔಷಧಿ ಬೇಕು, ಆದರೆ ಅಷ್ಟೇ ಸಾಲದು. ಮೂಲವಾದ ಕೋಶಗಳನ್ನೇ ಅಡಗಿಸಬೇಕು. ರೋಗ ಒಂದೆರಡು ಮೂಳೆಗಳಿಗೆ ಸೀಮಿತವಾಗಿದ್ದರೆ ವಿಕಿರಣ ಚಿಕಿತ್ಸೆ, ಹರಡಿದ್ದರೆ ಔಷಧಿ ಅಥವಾ ರೋಗಿಯದೇ ಕಾಂಡಕೋಶಗಳ ಕಸಿ. ಲೆನಲಿಡೊಮೈಡ್‌ನಂಥ ಔಷಧಿಯಿಂದಲೇ ರಕ್ತ ಹೆಪ್ಪುಗಟ್ಟುವ ಭಯವಿರುವುದರಿಂದ ವೈದ್ಯರು ಜೊತೆಗೆ ಆಸ್ಪಿರಿನ್ ಮೊದಲಾದುವನ್ನು ಕೊಡುವುದುಂಟು.

ಪಾದ ಜೋಮು ಹಿಡಿಯಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಸಕ್ಕರೆ ಕಾಯಿಲೆ. ಬಹಳಷ್ಟು ಸಲ ಅದೇ ಸರಿ. ಆದರೆ ಸಕ್ಕರೆ ಸರಿಯಾಗಿದ್ದೂ ನಿಶ್ಶಕ್ತಿ ಪಾದದಿಂದ ಮೇಲೇರುತ್ತಿದ್ದರೆ, ಕಾಲು ಊದಿ ಚರ್ಮ ಕಪ್ಪಾಗುತ್ತಿದ್ದರೆ, ಪ್ಲೇಟ್‌ಲೆಟ್ ಹೆಚ್ಚಿದ್ದರೆ ನರರೋಗ ತಜ್ಞರಿಗೆ ತೋರಿಸಬೇಕು. ಅಸಹಜ ಪ್ರೋಟೀನು ಅತ್ಯಲ್ಪವಿರುವುದರಿಂದ ಸಾಮಾನ್ಯ ಪರೀಕ್ಷೆಯ ಕಣ್ಣಿಗೆ ಅದು ಬೀಳದಿರಬಹುದು. ಇಮ್ಯುನೊಫಿಕ್ಸೇಷನ್ ಎಂಬ ಸೂಕ್ಷ್ಮ ಪರೀಕ್ಷೆ ಬೇಕಾಗುತ್ತದೆ. ಬೇಗ ಪತ್ತೆಯಾದರೆ ಕುಂದಿದ ನರಗಳು ಮೆಲ್ಲಮೆಲ್ಲನೆ ಚೇತರಿಸಿಕೊಂಡು, ಹಾಸಿಗೆ ಹಿಡಿದವರೂ ಎದ್ದು ನಡೆದಾಡುವ ಸಾಧ್ಯತೆ ಇದೆ.